ಕ್ರೌಹರ್ಸ್ಟ್ ಮೋಸ ಮಾಡಲೆಂದೇ ಹೊರಟಿದ್ದನೇ?

ಪ್ರಶ್ನೆ: 1968ರ ಹಾಯಿದೋಣಿ ಪಂದ್ಯದಲ್ಲಿ ಡೊನಾಲ್ಡ್ ಕ್ರೌಹರ್ಸ್ಟ್ ಭೂಮಿ ಸುತ್ತಿದೆನೆಂದು ಎಲ್ಲರನ್ನೂ ನಂಬಿಸಿದನಲ್ಲ, ಬಹುಮಾನದ ದುಡ್ಡಿಗಾಗಿ ಇದನ್ನೆಲ್ಲ ಮೊದಲೇ ಹೊಂಚುಹಾಕಿದ್ದನಂತೆ. ನಿಜವೇ?

ಅಲ್ಲ. ಎಷ್ಟನೇ ಸಲ ಇದನ್ನೇ ಬರೆಯುತ್ತಿದ್ದೇನೋ ಲೆಕ್ಕ ತಪ್ಪಿದೆ. ಆತ ಸುಳ್ಳು ಹೇಳಿದ್ದು ಖಂಡಿತ. ಆದರೆ ಆ 'ಮೊದಲೇ' ಎನ್ನುವ ಪದವಿದೆಯಲ್ಲ, ಅದಕ್ಕೆ ಆಧಾರವೇ ಇಲ್ಲ.

ಸಂಡೇ ಟೈಮ್ಸ್ ಪತ್ರಿಕೆಯ ಆ ಗೋಲ್ಡನ್ ಗ್ಲೋಬ್ ಪಂದ್ಯದಲ್ಲಿ ಒಬ್ಬರೇ, ಎಲ್ಲೂ ನಿಲ್ಲದೆ ಸುತ್ತಿ ಬರಬೇಕಿತ್ತು. ಹೊರಡಲು ಅಕ್ಟೋಬರ್ 31 ಕೊನೆಯ ದಿನ. ಕ್ರೌಹರ್ಸ್ಟ್ ಇಂಗ್ಲೆಂಡಿನ ಟಿನ್‌ಮತ್‌ನಿಂದ ಹೊರಟಿದ್ದು ಅದೇ ದಿನ, ಕೆಲಸ ಮುಗಿಯದ 40 ಅಡಿಯ ಪ್ಲೈವುಡ್ ಟ್ರೈಮರನ್‌ನಲ್ಲಿ, ಅಂದರೆ ಮೂರು ಒಡಲಿನ ಹಾಯಿದೋಣಿಯಲ್ಲಿ. ಒಳಗೆ ನುಗ್ಗಿದ ನೀರನ್ನು ಪಂಪ್ ಮಾಡುವ ಪೈಪು ದಡದಲ್ಲೇ ಉಳಿದುಹೋಗಿತ್ತು. ದೋಣಿಗೆ ಬಂಡವಾಳ ಹಾಕಿದವರಿಗೆ ಕಂಪನಿಯನ್ನೂ ಮನೆಯನ್ನೂ ಅಡವಿಟ್ಟಿದ್ದ. ಹೆಂಡತಿ, ನಾಲ್ಕು ಮಕ್ಕಳು ಇದ್ದ ಮನೆ ಅದು. ಮೋಸಕ್ಕೇ ಹೊರಟವನು ಇರುವ ಸೂರನ್ನು ಹೀಗೆ ಪಣಕ್ಕಿಡುತ್ತಾನೆಯೇ?

ಇನ್ನೂ ಗಟ್ಟಿಯಾದ ಸಾಕ್ಷಿ ಆತನ ಕೈಬರಹದಲ್ಲೇ ಇದೆ. ನವೆಂಬರ್ ಮಧ್ಯದಲ್ಲಿ ಲಾಗ್‌ಬುಕ್ ಎಂಬ ಪಯಣದ ದಿನಚರಿಯಲ್ಲಿ ದೋಣಿಯ ದೋಷಗಳನ್ನು ಒಂದೊಂದಾಗಿ ಬರೆದುಕೊಂಡಿದ್ದಾನೆ. ದಕ್ಷಿಣದ ಮಹಾಸಾಗರಕ್ಕೆ ಇಳಿದರೆ ಬದುಕುವ ಸಾಧ್ಯತೆ ಅರ್ಧಕ್ಕರ್ಧ ಎಂದು ಅಂದಾಜು ಹಾಕಿದ್ದಾನೆ. ಹಿಂತಿರುಗಲೇ, ಮುಂದೆ ಹೋಗಲೇ ಎಂದು ಪುಟಗಟ್ಟಲೆ ತೂಗಿದ್ದಾನೆ. ಹೊರಡುವ ಮೊದಲೇ ಎಲ್ಲ ಗೊತ್ತುಮಾಡಿಕೊಂಡವನಿಗೆ ಈ ಒದ್ದಾಟ ಯಾತಕ್ಕೆ? ಮುಂದೆ ಹೋದರೆ ಸಾವು, ಹಿಂದೆ ಬಂದರೆ ದಿವಾಳಿ. ಸುಳ್ಳು ಲೆಕ್ಕ ಶುರುವಾಗುವುದು ಡಿಸೆಂಬರಿನಲ್ಲಿ, ಇದಾದ ಮೇಲೆ.

ಆ ಲೆಕ್ಕವೂ ಸುಲಭದ್ದಲ್ಲ. ನಾವಿಕರು ಸೆಕ್ಸ್‌ಟೆಂಟ್ ಎಂಬ ಕೋನ ಅಳೆಯುವ ಉಪಕರಣದಿಂದ ಸೂರ್ಯನ ಎತ್ತರ ಅಳೆದು, ತಾವಿರುವ ಜಾಗವನ್ನು ಲೆಕ್ಕಹಾಕುತ್ತಾರೆ. ಈತ ಜಾಗವನ್ನು ಮೊದಲು ಊಹಿಸಿಕೊಂಡು, ಅಲ್ಲಿ ಆ ಗಳಿಗೆಗೆ ಸೂರ್ಯ ಎಷ್ಟು ಎತ್ತರದಲ್ಲಿರಬೇಕು ಎಂದು ತಿರುಗುಮುರುಗಾಗಿ ಲೆಕ್ಕ ಮಾಡಬೇಕಿತ್ತು. ಗಣಿತದ ಪುಸ್ತಕದ ಕೊನೆಯಲ್ಲಿ ಉತ್ತರ ನೋಡಿಕೊಂಡು ನಡುವಿನ ಹಂತಗಳನ್ನು ಹೊಂದಿಸುವ ಹುಡುಗನನ್ನು ನೆನೆದುಕೊಳ್ಳಿ; ನಿಜವಾದ ಲೆಕ್ಕಕ್ಕಿಂತ ಅದೇ ಕಷ್ಟ. ಒಂದು ದಿನಕ್ಕೆ 243 ಮೈಲಿ ಓಡಿದೆನೆಂದು ಸಂದೇಶ ಕಳಿಸಿದ. ಜನವರಿ 19ರ ನಂತರ ರೇಡಿಯೊ ಮೌನ. ಮಾರ್ಚ್‌ನಲ್ಲಿ ನಿಯಮ ಮುರಿದು ಅರ್ಜೆಂಟೀನಾದ ದಡ ಹತ್ತಿ ದೋಣಿ ರಿಪೇರಿ ಮಾಡಿಕೊಂಡ. ಅಷ್ಟೂ ಕಾಲ ಅಟ್ಲಾಂಟಿಕ್ ಬಿಟ್ಟು ಕದಲಲಿಲ್ಲ.

ಬಹುಮಾನದ ದುಡ್ಡಿನ ಮಾತಿಗೆ ಬರೋಣ. ಆತನಿಗೆ ಗೆಲುವು ಬೇಕಿರಲಿಲ್ಲ! ಗೆದ್ದವರ ಲಾಗ್‌ಬುಕ್ಕನ್ನು ತೀರ್ಪುಗಾರರು ಜಾಲಾಡುತ್ತಾರೆ, ಸೋತವರದನ್ನು ಯಾರು ಕೇಳುತ್ತಾರೆ? 1969ರ ಏಪ್ರಿಲ್ 22ಕ್ಕೆ ರಾಬಿನ್ ನಾಕ್ಸ್-ಜಾನ್ಸ್ಟನ್ ಮೊದಲಿಗನಾಗಿ ಮರಳಿಯಾಗಿತ್ತು. ಅತಿ ವೇಗವಾಗಿ ಸುತ್ತಿಬಂದವರಿಗಿದ್ದ 5,000 ಪೌಂಡ್ ಬಹುಮಾನ ಇನ್ನೊಬ್ಬ ಸ್ಪರ್ಧಿ ನೈಜಲ್ ಟೆಟ್ಲಿಗೆ ಹೋಗಲಿ ಎಂದು ಕ್ರೌಹರ್ಸ್ಟ್ ಬೇಕೆಂದೇ ನಿಧಾನಿಸಿದ. ಟೆಟ್ಲಿಗೆ ಇದೇನು ಗೊತ್ತು? ಹಿಂದಿನಿಂದ ಅಟ್ಟಿಸಿಕೊಂಡು ಬರುತ್ತಿದ್ದಾನೆಂದು ನಂಬಿ, ಬಳಲಿದ ದೋಣಿಯನ್ನು ದೌಡಾಯಿಸಿ, ಮೇ 21ರಂದು ಅದನ್ನು ಅಜೋರ್ಸ್ ಬಳಿ ಕಳೆದುಕೊಂಡ. ಈ ಕಥೆಯಲ್ಲಿ ನನ್ನ ಕರುಳು ಚುರುಕ್ ಎನ್ನುವುದು ಇಲ್ಲೇ. ಟೆಟ್ಲಿ ಬದುಕಿದ, ಆದರೆ ಈಗ ಕ್ರೌಹರ್ಸ್ಟ್‌ಗೆ ಗೆಲುವು ತಪ್ಪಿಸಿಕೊಳ್ಳುವ ದಾರಿಯೇ ಉಳಿಯಲಿಲ್ಲ. ಜೂನ್ ಕೊನೆಯ ವಾರ ದೋಣಿಯಲ್ಲಿ ಕೂತು ಸುಮಾರು 25,000 ಪದ ಬರೆದ. ಕೊನೆಯ ಬರಹ ಜುಲೈ 1ರದ್ದು. ಜುಲೈ 10ರಂದು ಹಡಗೊಂದಕ್ಕೆ ಸಿಕ್ಕಿದ್ದು ಖಾಲಿ ದೋಣಿ. ಪಂದ್ಯ ಮುಗಿಸಿದವನು ತಾನೊಬ್ಬನೇ ಆದ್ದರಿಂದ ತನಗೇ ಬಂದ ಆ 5,000 ಪೌಂಡನ್ನು ನಾಕ್ಸ್-ಜಾನ್ಸ್ಟನ್ ಕ್ರೌಹರ್ಸ್ಟ್‌ನ ಸಂಸಾರಕ್ಕೆ ಕೊಟ್ಟುಬಿಟ್ಟ.

ಈಗಿನ ಕಾಲದಲ್ಲಿ ಹೀಗೆ ಮಾಡಲಾದೀತೇ ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಆಗದು, ಪಂದ್ಯದ ಪ್ರತಿ ದೋಣಿಯಲ್ಲೂ ಉಪಗ್ರಹದ ಟ್ರ್ಯಾಕರ್ ಇರುತ್ತದೆ. ನಾಕ್ಸ್-ಜಾನ್ಸ್ಟನ್‌ನ ಸುಹೈಲಿ ಬೊಂಬಾಯಿಯಲ್ಲಿ ಕಟ್ಟಿದ ತೇಗದ ದೋಣಿ. ಅದರದ್ದೇ ಪಡಿಯಚ್ಚಾಗಿ ಗೋವಾದಲ್ಲಿ ಕಟ್ಟಿದ ತುರೀಯದಲ್ಲಿ ನಮ್ಮ ಅಭಿಲಾಷ್ ಟಾಮಿ 2018ರ ಗೋಲ್ಡನ್ ಗ್ಲೋಬ್‌ಗೆ ಹೊರಟಿದ್ದರು. ಹಿಂದೂ ಮಹಾಸಾಗರದ ತೆಂಕಣ ತುದಿಯಲ್ಲಿ ಬಿರುಗಾಳಿಗೆ ಹಾಯಿಕಂಬ ಮುರಿದು, ಬೆನ್ನೆಲುಬಿಗೆ ಪೆಟ್ಟು ಬಿದ್ದು, ಎದ್ದೇಳಲಾಗದೆ ಮಲಗಿದ್ದರು. ದೋಣಿ ಇದ್ದ ಜಾಗ ಗೊತ್ತಿತ್ತು. ಫ್ರಾನ್ಸಿನ ಹಡಗೊಂದು ನೇರ ಅಲ್ಲಿಗೇ ಹೋಗಿ ಅವರನ್ನು ಎತ್ತಿಕೊಂಡಿತು. ಮೌನವಾಗಿದ್ದ ಆ ತಿಂಗಳುಗಳಲ್ಲಿ ಕ್ರೌಹರ್ಸ್ಟ್‌ನ ದೋಣಿ ಒಡೆದಿದ್ದರೆ, ಜನ ಆತನನ್ನು ಇನ್ನೊಂದು ಸಾಗರದಲ್ಲಿ ಹುಡುಕುತ್ತಿದ್ದರು.