ಅರ್ಥವಾಯ್ತು, ಅನುಭವ ಯಾವಾಗ?

ಉಪನಿಷತ್ತಿನ ಪಾಠ ಮುಗಿದು ಜಮಖಾನ ಮಡಚುವ ಹೊತ್ತಿಗೆ ಯಾರಾದರೊಬ್ಬರು ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳುತ್ತಾರೆ: ‘ಎಲ್ಲ ಅರ್ಥವಾಯ್ತು ಗುರುಗಳೇ, ಅನುಭವ ಮಾತ್ರ ಆಗಿಲ್ಲ. ಅದು ಯಾವಾಗ?’ ಹದಿನೆಂಟು ವರ್ಷದಿಂದ ಇದೇ ಪ್ರಶ್ನೆ. ನನಗೆ ತಾಳ್ಮೆ ತಪ್ಪುತ್ತದೆ. ಕೇಳಿದವರ ಮೇಲಲ್ಲ, ಆತ್ಮಜ್ಞಾನವೆಂದರೆ ಎಂದೋ ಒಂದು ದಿನ ನಡೆಯುವ ಘಟನೆ ಎಂದು ಅವರ ತಲೆಯಲ್ಲಿ ತುಂಬಿದವರ ಮೇಲೆ.

ಕಳೆದ ಚಳಿಗಾಲದಲ್ಲಿ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು ಡೈರಿ ಹಿಡಿದು ಬಂದರು. ಬೆಳಗಿನ ಜಾವ ಧ್ಯಾನಕ್ಕೆ ಕೂತಾಗ ಹುಬ್ಬುಗಳ ನಡುವೆ ನೀಲಿ ಬೆಳಕು ಕಂಡಿತಂತೆ. ದಿನಾಂಕ, ಗಂಟೆ ಸಮೇತ ಬರೆದಿಟ್ಟಿದ್ದರು. ಆಮೇಲೆ ಮೂರು ತಿಂಗಳಾದರೂ ಅದರ ಸುಳಿವಿಲ್ಲ. ಹೇಳುತ್ತಾ ಕಣ್ಣು ಒದ್ದೆಯಾಯಿತು. ‘ಬಂದದ್ದೂ ಗೊತ್ತಾಯ್ತು, ಹೋದದ್ದೂ ಗೊತ್ತಾಯ್ತು. ಯಾರಿಗೆ?’ ಎಂದೆ. ‘ನನಗೇ.’ ಉಪನಿಷತ್ತು ಹೇಳುತ್ತಿರುವುದು ಆ ‘ನನಗೇ’ ಎಂಬುದರ ವಿಚಾರ, ಬೆಳಕಿನದಲ್ಲ. ಅವರಿಗೆ ಸಮಾಧಾನವಾದಂತೆ ಕಾಣಲಿಲ್ಲ.

ಹತ್ತು ಮಂದಿ ಹೊಳೆ ದಾಟಿದ ಕಥೆ ಎಲ್ಲರಿಗೂ ಗೊತ್ತು. ಎಣಿಸುವವನು ತನ್ನನ್ನು ಬಿಟ್ಟು ಎಣಿಸುತ್ತಾನೆ, ಒಬ್ಬ ಮುಳುಗಿಹೋದನೆಂದು ಅಳುತ್ತಾನೆ, ದಾರಿಹೋಕ ‘ಹತ್ತನೆಯವನು ನೀನೇ’ ಎನ್ನುತ್ತಾನೆ. ಇಲ್ಲಿ ನಿಂತು ನೋಡಿ. ಆ ಮಾತು ಕೇಳಿದ ಮೇಲೆ ಹತ್ತನೆಯವನನ್ನು ಅನುಭವಿಸಲು ಅವನು ಬೇರೇನಾದರೂ ಮಾಡಬೇಕೇ? ಅಳುತ್ತಿದ್ದಾಗಲೂ ಹತ್ತನೆಯವನು ಅವನೇ. ಮಾತು ಹೊಸಬನೊಬ್ಬನನ್ನು ತಂದುಕೊಡಲಿಲ್ಲ, ತಪ್ಪು ಲೆಕ್ಕವನ್ನು ಅಳಿಸಿತು, ಅಷ್ಟೇ. ‘ಆ ಬ್ರಹ್ಮ ನೀನೇ’ ಎನ್ನುವ ಉಪನಿಷತ್ತಿನ ವಾಕ್ಯ ಮಾಡುವುದೂ ಇಷ್ಟೇ. ಜ್ಞಾನ ಕರ್ಮವಲ್ಲ ಎಂದು ಶಂಕರರು ಪಟ್ಟು ಹಿಡಿದು ವಾದಿಸುವುದು ಇದಕ್ಕೇ: ಮಾಡಿ ಪಡೆದದ್ದು ಒಂದು ದಿನ ಕಳೆದೇ ಹೋಗುತ್ತದೆ.

‘ಹಾಗಾದರೆ ನನಗೆ ಇನ್ನೂ ಸಿಟ್ಟು, ಭಯ ಯಾಕೆ?’ ಇದು ಮುಂದಿನ ಪ್ರಶ್ನೆ. ವಿದ್ಯಾರಣ್ಯರು ತಮ್ಮ ವೇದಾಂತ ಗ್ರಂಥ ಪಂಚದಶಿಯಲ್ಲಿ ಇದೇ ಕಥೆಯನ್ನು ಇನ್ನೂ ಸ್ವಲ್ಪ ಮುಂದಕ್ಕೆ ಒಯ್ಯುತ್ತಾರೆ. ಅಳುವಾಗ ಅವನು ತಲೆ ಚಚ್ಚಿಕೊಂಡಿದ್ದ. ‘ನೀನೇ’ ಎಂದು ಕೇಳಿದ ಕ್ಷಣವೇ ಅಳು ನಿಂತಿತು, ತಲೆಯ ಗಾಯ ಮಾತ್ರ ಆಗಲೇ ಮಾಯಲಿಲ್ಲ. ಅದಕ್ಕೆ ಒಂದು ತಿಂಗಳು ಹಿಡಿಯಿತು. ಗಾಯ ಉಳಿದಿದೆ ಎಂದು ಹತ್ತನೆಯವನು ಸಿಕ್ಕಿಲ್ಲ ಎನ್ನಲಾಗದು.

ಹಾಗೆಂದು ‘ನಿಮಗೆ ಜ್ಞಾನವಾಗಿದೆ’ ಎಂದು ನಾನು ಯಾರಿಗೂ ಹೇಳುವುದಿಲ್ಲ. ‘ಅರ್ಥವಾಯ್ತು’ ಎಂಬುದು ಬರೀ ವಾಕ್ಯದ ಅರ್ಥವೂ ಆಗಿರಬಹುದು. ಛಾಂದೋಗ್ಯ ಉಪನಿಷತ್ತಿನಲ್ಲಿ ನಾರದರು ಕಲಿತ ವಿದ್ಯೆಗಳನ್ನೆಲ್ಲ ಸನತ್ಕುಮಾರರ ಮುಂದೆ ಒಪ್ಪಿಸಿ, ನಾನು ಮಂತ್ರ ಬಲ್ಲವನು, ಆತ್ಮವನ್ನು ಬಲ್ಲವನಲ್ಲ, ದುಃಖದಲ್ಲಿದ್ದೇನೆ ಎಂದು ಒಪ್ಪಿಕೊಳ್ಳುತ್ತಾರೆ. ಅಂಥವರು ಕೇಳಬೇಕಾದ್ದು ‘ಯಾವಾಗ’ ಎಂದಲ್ಲ. ಅದೇ ವಾಕ್ಯವನ್ನು ಇನ್ನೊಮ್ಮೆ, ಮತ್ತೊಮ್ಮೆ ಕೇಳಬೇಕು.

ಇನ್ನೊಂದು ಎಚ್ಚರಿಕೆ. ನಾನು ಹೇಳುತ್ತಿರುವುದು ಅದ್ವೈತದ, ಜೀವ ಬ್ರಹ್ಮ ಒಂದೇ ಎನ್ನುವ ಶಂಕರರ ದರ್ಶನದ ಮಾತು. ಮಾಧ್ವರಲ್ಲಿ ಅಪರೋಕ್ಷಜ್ಞಾನವೆಂದರೆ, ಜೀವ ಯಾರ ಪ್ರತಿಬಿಂಬವೋ ಆ ಬಿಂಬರೂಪಿ ಭಗವಂತನನ್ನು ಸಾಕ್ಷಾತ್ ಕಾಣುವುದು. ರಾಮಾನುಜರಿಗೆ ವಾಕ್ಯಾರ್ಥಜ್ಞಾನ ಸಾಲದು, ಎಡೆಬಿಡದ ಸ್ಮರಣೆಯಾದ ಉಪಾಸನೆ ಬೇಕು. ಜೈನರ ಕೇವಲಜ್ಞಾನ, ಅಂದರೆ ಪೂರ್ಣಜ್ಞಾನ, ಕರ್ಮದ ಆವರಣ ಕಳಚಿದಾಗ ಉದಯಿಸುವಂಥದ್ದು. ಆ ಮನೆಗಳಲ್ಲಿ ‘ಯಾವಾಗ’ ಎಂಬ ಪ್ರಶ್ನೆಗೆ ಅರ್ಥವಿದೆ. ಒಂದು ಮನೆಯ ಮಾತನ್ನು ತಂದು ಇನ್ನೊಂದು ಮನೆಯ ತೊಲೆಗೆ ಕಟ್ಟಿದಾಗಲೇ ಗೊಂದಲ.

ಬ್ಯಾಂಕಿನವರಿಗೆ ಗೀತೆಯ ಹದಿಮೂರನೇ ಅಧ್ಯಾಯದ ಐದು ಶ್ಲೋಕ ಬರೆದುಕೊಳ್ಳಲು ಹೇಳಿದ್ದೆ. ‘ಇದು ಜ್ಞಾನ’ ಎಂದು ಕೃಷ್ಣ ಕೊಡುವ ಪಟ್ಟಿ ಅದು. ಜ್ಞಾನಕ್ಕೆ ಸಾಧನವಾದ್ದರಿಂದ ಇವನ್ನೇ ಜ್ಞಾನವೆಂದರು ಎಂಬುದು ಶಂಕರರ ವಿವರಣೆ. ಅದರಲ್ಲಿ ಬೆಳಕಿಲ್ಲ, ನಾದವಿಲ್ಲ. ಮೊದಲ ಪದವೇ ಅಮಾನಿತ್ವ, ನನ್ನನ್ನು ಗೌರವಿಸಲಿ ಎಂದು ಬಯಸದಿರುವುದು.

ಹೋದ ತಿಂಗಳು ಅವರು ಮತ್ತೆ ಬಂದರು. ‘ಮೊದಲನೇ ಪದದಲ್ಲೇ ನಿಂತಿದ್ದೇನೆ. ಊಟಕ್ಕೆ ಸೊಸೆ ನನ್ನನ್ನು ಮೊದಲು ಕರೆಯಲಿಲ್ಲ ಅಂತ ಎರಡು ದಿನ ಮಾತು ಬಿಟ್ಟೆ’ ಎಂದು ಡೈರಿ ತೆರೆದು ತೋರಿಸಿದರು. ನೀಲಿ ಬೆಳಕಿನ ಪುಟಕ್ಕಿಂತ ಆ ಪುಟ ನನಗೆ ಹೆಚ್ಚು ಸಂತೋಷ ಕೊಟ್ಟಿತು. ಅವರಿಗೂ ಹಾಗೇ ಹೇಳಿದೆ.