ಧೀಂಗಿಣ ಹಿಡಿಯಲು ಎಷ್ಟು ಬೆಳಕು ಬೇಕು?

ಕುಂಬಳೆ ಹತ್ತಿರ, ಕೊಯ್ಲು ಮುಗಿದ ಗದ್ದೆಯಲ್ಲಿ ಯಕ್ಷಗಾನ ಬಯಲಾಟ. ಧೀಂಗಿಣ ಅಂದರೆ ಅದರಲ್ಲಿ ಹಾರಿ ಹಾರಿ ಗಿರಕಿ ಹೊಡೆಯುವ ಕುಣಿತ. ರಂಗಸ್ಥಳದಿಂದ ಸುಮಾರು 15 ಮೀಟರ್ ದೂರ ಕೂತು ಫ್ಲ್ಯಾಶ್ ಹಾಕಿ ಫೋಟೊ ತೆಗೆದೆ. ಬಂದದ್ದು ಮುಂದೆ ಕೂತವರ ತಲೆಗಳು, ಬೆಳ್ಳಗೆ. ವೇಷ ಎಲ್ಲಿದೆ ಅಂತ ಹುಡುಕಬೇಕು!

ದೂರ ಹೋದಂತೆ ಫ್ಲ್ಯಾಶ್‌ನ ಬೆಳಕು ಹರಡಿಕೊಳ್ಳುತ್ತದೆ. 3 ಮೀಟರ್‌ನಲ್ಲಿರುವ ತಲೆಗೆ ಬೀಳುವುದರಲ್ಲಿ 25ನೇ ಒಂದು ಪಾಲು ಮಾತ್ರ 15 ಮೀಟರ್ ದೂರದ ಕಿರೀಟಕ್ಕೆ ಸಿಗುತ್ತದೆ. ಜೊತೆಗೆ ಕಲಾವಿದರ ಕಣ್ಣಿಗೂ ಹಿಂಸೆ. ಫ್ಲ್ಯಾಶ್ ಆರಿಸಿಬಿಡಿ.

ಆಗ ಫೋಟೊದಲ್ಲಿ ಮರಳು ಎರಚಿದಂತೆ ಕಾಳುಕಾಳು ಕಾಣುತ್ತದೆ, ಅಲ್ವಾ? ತಪ್ಪು ಬರೀ ಕ್ಯಾಮೆರಾದ್ದಲ್ಲ. ಬೆಳಕು ಬರುವುದೇ ಬಿಡಿಬಿಡಿ ಕಣಗಳಾಗಿ. ಅಡಿಕೆ ಒಣಗಿಸುವ ಅಂಗಳಕ್ಕೆ ಮೊದಲ ನಾಲ್ಕು ಹನಿ ಬಿದ್ದಾಗ ನೋಡಿ: ಇಲ್ಲೊಂದು ಚುಕ್ಕೆ, ಅಲ್ಲೊಂದು. ಜೋರಾಗಿ ಸುರಿದರೆ ಅಂಗಳವೆಲ್ಲ ಒಂದೇ ಸಮ ಒದ್ದೆ. ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಸೆನ್ಸರ್‌ನ ಒಂದು ಚುಕ್ಕೆಗೆ ಸರಾಸರಿ 100 ಕಣ ಬಿದ್ದರೆ ಏರುಪೇರು ಸುಮಾರು 10, ಅಂದರೆ ಶೇ. 10. ಕಣಗಳು 10,000 ಆದರೆ ಏರುಪೇರು ಶೇ. 1 ಅಷ್ಟೆ. ಕ್ಯಾಮೆರಾದ ಐಎಸ್ಒ ಸೆಟ್ಟಿಂಗ್ ಏರಿಸಿದರೆ ಹೊಸ ಬೆಳಕೇನೂ ಬರುವುದಿಲ್ಲ. ಬಂದಷ್ಟನ್ನೇ ದೊಡ್ಡದು ಮಾಡಿ ತೋರಿಸುತ್ತದೆ, ಕಾಳು ಸಮೇತ.

ಬೆಳಕನ್ನು ಕೂಡಿಸಲು ಎರಡೇ ದಾರಿ. ಒಂದು, ಲೆನ್ಸಿನ ಕಿಂಡಿ ದೊಡ್ಡದು ಮಾಡುವುದು. ಎಫ್ ಅಂಕಿ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು: ಎಫ್/5.6 ಬಿಟ್ಟು ಎಫ್/1.8 ಇಟ್ಟರೆ ಸುಮಾರು 10 ಪಟ್ಟು ಜಾಸ್ತಿ ಬೆಳಕು. ಇನ್ನೊಂದು, ಹೆಚ್ಚು ಹೊತ್ತು ತೆರೆದಿಡುವುದು. ಆದರೆ ಸೆಕೆಂಡಿನ 30ನೇ ಒಂದು ಭಾಗ ತೆರೆದಿಟ್ಟರೂ ಪುಂಡುವೇಷದ (ಎಳೆಯ ವೀರನ ಪಾತ್ರದ) ಧೀಂಗಿಣ ಬರೀ ಬಣ್ಣದ ಗೆರೆ.

ಫೋನಿನ ನೈಟ್ ಮೋಡ್ ಹಲವು ಫೋಟೊ ತೆಗೆದು ಒಂದರ ಮೇಲೊಂದು ಕೂಡಿಸುತ್ತದೆ. 16 ಫೋಟೊ ಕೂಡಿದರೆ ಕಾಳು ಕಾಲು ಭಾಗಕ್ಕೆ ಇಳಿಯುತ್ತದೆ. ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಜಾಗದಲ್ಲಿ, ಅಲುಗಾಡದೆ ಕೂತು ಮುಖಕ್ಕೆ ಬಣ್ಣ ಬರೆಯುವವರಿಗೆ ಇದು ಸರಿ. ಕುಣಿಯುವವರಿಗೆ ಅಲ್ಲ.

ಹಾಗಾಗಿ ನಾನು ಈಗ ಕಿವಿಯನ್ನು ನಂಬುತ್ತೇನೆ. ಚೆಂಡೆಯ ಮುಕ್ತಾಯದ ಪೆಟ್ಟಿಗೆ ವೇಷ ಒಂದು ಗಳಿಗೆ ನಿಲ್ಲುತ್ತದೆ. ಹಾರಿದವರು ತುತ್ತತುದಿಯಲ್ಲಿ ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ. ಒತ್ತುವುದು ಆಗಲೇ. ಹಿಂದಿನ ಕತ್ತಲೆ ನೋಡಿ ಕ್ಯಾಮೆರಾ ಸುಮ್ನೆ ಬೆಳಕು ಏರಿಸುತ್ತದೆ, ಬಣ್ಣದ ವೇಷದ (ರಾಕ್ಷಸ ಪಾತ್ರದ) ಮುಖದ ಮೇಲೆ ಇಡುವ ಬಿಳಿ ಚುಕ್ಕೆಗಳು, ಅಂದರೆ ಚುಟ್ಟಿಯೆಲ್ಲ ಕಲಸಿ ಬರೀ ಬಿಳಿ. ಫೋನಿನಲ್ಲಿ ಮುಖದ ಮೇಲೆ ಒತ್ತಿ ಬೆಳಕನ್ನು ಸ್ವಲ್ಪ ಇಳಿಸಿ.

ಇದೆಲ್ಲ ಮಹಿಷಾಸುರ ಪ್ರೇಕ್ಷಕರ ನಡುವಿನಿಂದ ಬರುವ ಮೊದಲೇ ಮಾಡಿಟ್ಟುಕೊಳ್ಳಿ. ದೊಂದಿಗೆ, ಅಂದರೆ ಉರಿಯುವ ಪಂಜಿಗೆ, ರಾಳದ ಪುಡಿ ಎರಚಿದಾಗ ಭಗ್ಗನೆ ಸಿಗುವ ಬೆಳಕಿನಲ್ಲಿ ಫೋಟೊ ಚೆನ್ನಾಗಿ ಬರುತ್ತದೆ. ತಲೆ ತಗ್ಗಿಸಿ ಸೆಟ್ಟಿಂಗ್ ತಿದ್ದುತ್ತಾ ಕೂತರೆ, ಅಷ್ಟರಲ್ಲಿ ಅವನು ನಿಮ್ಮನ್ನು ದಾಟಿ ರಂಗಸ್ಥಳ ಹತ್ತಿರುತ್ತಾನೆ.