150 ಪಿಎಸ್‌ಐ ಪಂಪೇ ಬೇಕಾ?

ಪ್ರಶ್ನೆ: ಕಾರಿನ ಟೈರಿಗೆ ಗಾಳಿ ತುಂಬೋ ಸಣ್ಣ ಕಂಪ್ರೆಸರ್ ತಗೊಳ್ಳೋಣ ಅಂತಿದ್ದೇನೆ. ಒಂದರ ಮೇಲೆ 100 ಪಿಎಸ್‌ಐ ಅಂತಿದೆ, ಇನ್ನೊಂದರ ಮೇಲೆ 150. ಜಾಸ್ತಿ ಇರೋದು ಬೇಗ ತುಂಬುತ್ತೆ ಅಲ್ವಾ?

ಇಲ್ಲ. ಇದಕ್ಕೆ ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕ ಇಟ್ಟಿಲ್ಲ. ಈ ಸಲ ಉದ್ದಕ್ಕೇ ಬರೆದುಬಿಡುತ್ತೇನೆ. ಮುಂದೆ ಕೇಳಿದವರಿಗೆ ಇದನ್ನೇ ಕಳಿಸಿದರಾಯಿತು.

ಡ್ರೈವರ್ ಬಾಗಿಲು ತೆಗೆಯಿರಿ. ಪಕ್ಕದ ಕಂಬದ ಮೇಲೆ ಒಂದು ಸ್ಟಿಕರ್ ಇರುತ್ತದೆ. ಹೆಚ್ಚಿನ ಕಾರುಗಳಲ್ಲಿ ಅಲ್ಲಿರೋ ಪಿಎಸ್‌ಐ, ಅಂದರೆ ಗಾಳಿ ಒತ್ತಡದ ಅಂಕಿ, 30ರಿಂದ 36ರ ಒಳಗೆ. ನಿಮ್ಮ ಟೈರು ಕೇಳುವುದು ಅಷ್ಟೇ. 100ರ ಪಂಪಿಗೇ ಅದು ಎಡಗೈ ಕೆಲಸ. ಪೆಟ್ಟಿಗೆ ಮೇಲಿನ ಪಿಎಸ್‌ಐ ಹೇಳೋದು ಪಂಪು ಎಷ್ಟು ಒತ್ತಡದವರೆಗೆ ತಳ್ಳಬಲ್ಲದು ಅಂತ. ಎಷ್ಟು ಬೇಗ ತಳ್ಳುತ್ತೆ ಅನ್ನೋದಕ್ಕೂ ಅದಕ್ಕೂ ಸಂಬಂಧವೇ ಇಲ್ಲ.

ಬೋರ್‌ವೆಲ್ ಕೊರೆಸಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಮೋಟರು ಎಷ್ಟು ಅಡಿಯಿಂದ ಎತ್ತುತ್ತೆ ಅನ್ನೋದು ಒಂದು ಲೆಕ್ಕ, ಎಷ್ಟು ಇಂಚು ನೀರು ಕೊಡುತ್ತೆ ಅನ್ನೋದು ಬೇರೆ ಲೆಕ್ಕ. ಸಂಪಿನಿಂದ ಮನೆ ಮೇಲಿನ ಟ್ಯಾಂಕಿಗೆ ನೀರು ಏರಿಸೋಕೆ 600 ಅಡಿಯ ಮೋಟರ್ ಕೊಡಿ ಅಂದರೆ ಅಂಗಡಿಯವನು ನಗುತ್ತಾನೆ. ಗಾಳಿ ಪಂಪಿನ ಅಂಗಡಿಯಲ್ಲಿ ಮಾತ್ರ ಯಾರೂ ನಗೋದಿಲ್ಲ. ಸುಮ್ನೆ ಬಿಲ್ ಹಾಕುತ್ತಾರೆ.

ನೀವು ಹುಡುಕಬೇಕಾದದ್ದು ಪೆಟ್ಟಿಗೆ ಹಿಂದೆ ಸಣ್ಣಕ್ಷರದಲ್ಲಿರೋ ಎಲ್‌ಪಿಎಂ, ಅಂದರೆ ನಿಮಿಷಕ್ಕೆ ಎಷ್ಟು ಲೀಟರ್ ಗಾಳಿ ಅನ್ನೋದನ್ನ. ಒಂದು ಲೆಕ್ಕ ಹಾಕಿ ನೋಡೋಣ. 185/65 ಆರ್15 ಅಳತೆಯ ಕಾರಿನ ಟೈರಿನೊಳಗೆ ಸುಮಾರು 30 ಲೀಟರ್ ಜಾಗ ಇರುತ್ತದೆ. 20ಕ್ಕೆ ಇಳಿದಿರೋದನ್ನು 33ಕ್ಕೆ ಏರಿಸಬೇಕು. ವ್ಯತ್ಯಾಸ 13. ನಮ್ಮ ಸುತ್ತಲಿನ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿ 14.7 ಪಿಎಸ್‌ಐ. 13ನ್ನು 14.7ರಿಂದ ಭಾಗಿಸಿ, 30ರಿಂದ ಗುಣಿಸಿ. ಹೆಚ್ಚುಕಮ್ಮಿ 27 ಲೀಟರ್ ಹೊರಗಿನ ಗಾಳಿ ಒಳಗೆ ಹೋಗಬೇಕು. 35 ಎಲ್‌ಪಿಎಂ ಪಂಪಿಗೆ ಒಂದು ನಿಮಿಷವೂ ಬೇಡ ಅನಿಸುತ್ತೆ ಅಲ್ವಾ? ಆದರೆ ಆ 35 ಸಾಮಾನ್ಯವಾಗಿ ಎದುರಿಗೆ ಟೈರೇ ಇಲ್ಲದಾಗಿನ ಅಂಕಿ. ಒತ್ತಡ ಏರಿದ ಹಾಗೆ ಅದು ಇಳಿಯುತ್ತೆ. ಹಾಗಾಗಿ ಎರಡು ನಿಮಿಷ ಅಂದುಕೊಳ್ಳಿ. 12 ಎಲ್‌ಪಿಎಂ ಪಂಪಾದರೆ, ಮೇಲೆ ಬಂಗಾರದ ಬಣ್ಣದಲ್ಲಿ 150 ಅಂತ ಬರೆದಿದ್ದರೂ, ಐದು ನಿಮಿಷಕ್ಕೆ ಕಮ್ಮಿ ಇಲ್ಲ. ಅದೂ ಒಂದು ಟೈರಿಗೆ.

100ರ ಹತ್ತಿರ ಹೋಗೋ ಒತ್ತಡ ಬೇಕಾಗೋದು ಸಪೂರ ಟೈರಿನ ರೇಸಿಂಗ್ ಸೈಕಲ್ಲಿಗೆ. ಕಾರಿನ ಟೈರಿನ ಮಗ್ಗುಲಲ್ಲಿ 44 ಅಂತಲೋ 51 ಅಂತಲೋ ಅಚ್ಚಾಗಿರುತ್ತಲ್ಲ, ಅದು ಗರಿಷ್ಠ ಮಿತಿ. ಅಷ್ಟು ತುಂಬಿಸಿಕೊಂಡು ಬಂದು "ಕಾರು ಕುಣಿಯುತ್ತೆ ಸರ್" ಅನ್ನಬೇಡಿ.

ಇನ್ನು ಕರೆಂಟು. ನನ್ನ ಮೊದಲ ಪಂಪು 14 ಆಂಪಿಯರ್ ಎಳೆಯುತ್ತಿತ್ತು. ಕಾರಿನ 12 ವೋಲ್ಟ್ ಸಾಕೆಟ್ಟಿನ ಫ್ಯೂಸು 10ರದ್ದು. ಸಕಲೇಶಪುರ ದಾಟಿ ಘಾಟಿಯ ಬದಿಯಲ್ಲಿ, ಜಿಟಿಜಿಟಿ ಮಳೆಯಲ್ಲಿ, ಎರಡು ನಿಮಿಷ ಗುರ್ ಅಂದು ಪಂಪು ನಿಂತಿತು. ಜೊತೆಗೆ ಮೊಬೈಲ್ ಚಾರ್ಜಿಂಗೂ ಹೋಯಿತು. ಕೊಳ್ಳುವ ಮುಂಚೆ ಫ್ಯೂಸ್ ಬಾಕ್ಸಿನ ಮುಚ್ಚಳ ತೆಗೆದು ನೋಡಿದ್ದರೆ ಮುಗಿಯುತ್ತಿತ್ತು. ಜಾಸ್ತಿ ಎಳೆಯೋ ಪಂಪಾದರೆ ನೇರ ಬ್ಯಾಟರಿಗೆ ಕ್ಲಿಪ್ ಹಾಕುವಂಥದ್ದು ತಗೊಳ್ಳಿ.

ಎಂಜಿನ್ ಚಾಲೂ ಇಟ್ಟೇ ಪಂಪು ಓಡಿಸಿ, ಆದರೆ ಬಯಲಲ್ಲಿ. ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಹೊಗೆ ಪ್ರಾಣಕ್ಕೇ ಬರುತ್ತೆ. ಪುಸ್ತಕದಲ್ಲಿ ಹತ್ತು ನಿಮಿಷ ಓಡಿಸಿ ತಣಿಯಲು ಬಿಡಿ ಅಂತಿದ್ದರೆ ಬಿಡಲೇಬೇಕು. ವಾಲ್ವಿಗೆ ತಿರುಗಿಸೋ ಹಿತ್ತಾಳೆ ತುದಿ ಅಷ್ಟರಲ್ಲಿ ದೋಸೆ ಕಾವಲಿ ಆಗಿರುತ್ತೆ, ಬಟ್ಟೆ ಹಿಡಿದು ಬಿಚ್ಚಿ. ತಾನಾಗೇ ನಿಲ್ಲೋ ಡಿಜಿಟಲ್ ಪಂಪಾದರೆ ಶುರು ಮಾಡುವ ಮುಂಚೆ ಅಂಕಿ ನೋಡಿ. ಎಷ್ಟೋ ಪಂಪುಗಳು ಹೋದ ಸಲದ ಅಂಕಿಯನ್ನೇ ನೆನಪಿಟ್ಟುಕೊಂಡಿರುತ್ತವೆ. ಮಗನ ಸೈಕಲ್ಲಿಗೆ ಇಟ್ಟ 80 ಸ್ಕೂಟರ್ ಟೈರಿಗೆ ಹೋದರೆ ಕಷ್ಟ. ಪೂರ್ತಿ ಚಪ್ಪಟೆಯಾದ ಟೈರಿನ ಮೇಲೆ ಗಾಡಿ ಓಡಿಸಿದ್ದೀರಾ? ಅದಕ್ಕೆ ಗಾಳಿ ತುಂಬಬೇಡಿ. ಮಗ್ಗುಲು ಒಳಗಿಂದ ಅರೆದುಹೋಗಿರುತ್ತದೆ, ತುಂಬುವಾಗಲೇ ಸಿಡಿಯಬಹುದು.

ಆಗ ಹಾಕಬೇಕಾದದ್ದು ಸ್ಟೆಪ್ನಿ. ಈ ಹೆಸರು ಎಲ್ಲಿಂದ ಬಂತು ಅಂತ ಯಾರೂ ನನ್ನನ್ನು ಕೇಳಿಲ್ಲ, ಆದರೂ ಹೇಳುತ್ತೇನೆ. ಬ್ರಿಟನ್ನಿನ ವೇಲ್ಸ್‌ನಲ್ಲಿ ಲನೆಲ್ಲಿ ಅಂತ ಒಂದು ಊರಿದೆ. ಅಲ್ಲಿನ ಸ್ಟೆಪ್ನಿ ಬೀದಿಯಲ್ಲಿ 1904ರ ಹೊತ್ತಿಗೆ ಥಾಮಸ್ ಮಾರಿಸ್ ಡೇವಿಸ್ ಅನ್ನುವವರು ಕಾರಿಗೆ ಹೆಚ್ಚುವರಿ ಚಕ್ರ ಮಾಡಿ ಮಾರಿದರು. ಆಗೆಲ್ಲ ಕಾರುಗಳಿಗೆ ಅದು ಇರುತ್ತಲೇ ಇರಲಿಲ್ಲ. ಬೀದಿಯ ಹೆಸರು ಚಕ್ರಕ್ಕೆ ಅಂಟಿತು. ನಮ್ಮ ಪಂಕ್ಚರ್ ಅಂಗಡಿಗಳಲ್ಲಿ ಅದು ಇವತ್ತಿಗೂ ಉಳಿದಿದೆ.

ನಿಮ್ಮ ಸ್ಟೆಪ್ನಿಗೆ ಕೊನೇ ಸಲ ಗಾಳಿ ನೋಡಿದ್ದು ಯಾವಾಗ? ನಾಲ್ಕೂ ಚಕ್ರಕ್ಕೆ ತಿಂಗಳಿಗೊಮ್ಮೆ ಗಾಳಿ ಹಾಕುವವರೂ ಡಿಕ್ಕಿಯ ಅಡಿಯಲ್ಲಿರೋದನ್ನು ಮರೆತೇಬಿಟ್ಟಿರುತ್ತಾರೆ. ಲಗೇಜ್ ತುಂಬುವ ಮುಂಚೆಯೇ ನೋಡಿ. ಕೆಲವು ಕಾರುಗಳಲ್ಲಿ ಬರೋ ಸಪೂರ ಸ್ಟೆಪ್ನಿಗೆ 60 ಪಿಎಸ್‌ಐ ಬೇಕು, ಅದರ ಮೇಲೇ ಬರೆದಿರುತ್ತದೆ. ಅದಕ್ಕೂ 100ರ ಪಂಪೇ ಸಾಕು.